ತೋಟದ ಕೆರೆಯ ಮೀನುಗಳ ಕರುಳೂ ಬೆಳವಣಿಗೆಯ ತಾರತಮ್ಯವೂ

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಪ್ರಾಂತಗಳ ಕಾಫಿ ತೋಟಗಳಲ್ಲಿ, ಹೂಮಳೆಯು ಸಕಾಲಕ್ಕೆ ಬೀಳದೆಹೋದರೆ ರೊಬಸ್ಟಾ ಗಿಡಗಳಿಗೆ ನೀರು ಸಿಂಪಡಿಸುವುದಕ್ಕೆಂದು ಕಟ್ಟಿಸಿದ ಕೆರೆಗಳು ಅನೇಕವಾಗಿವೆ. ಇವು ಮುಂಗಾರಿನಲ್ಲಿ ತುಂಬಿ ಕೋಡಿ ಹರಿದು, ಮುಂದೆ ಫೆಬ್ರವರಿ ಮಾರ್ಚಿ ತಿಂಗಳುಗಳವರೆಗೆ ನೀರನ್ನು ಹಿಡಿದಿರುತ್ತವೆ. ಏಳೆಂಟು ತಿಂಗಳ ಕಾಲ ನಿಂತಿರುವ ಈ ನೀರಿನಲ್ಲಿ ಗೆಂಡೆ ಜಾತಿಯ ಮೀನುಗಳನ್ನು ಸಾಕಿದಲ್ಲಿ, ಮನೆಯವರ ಊಟಕ್ಕೂ ತೋಟದ ಕೆಲಸಗಾರರ ಪುಷ್ಟಿಗೂ ಒದಗಿ, ಮಿಕ್ಕದ್ದು ಮಾರಾಟಕ್ಕೂ ಆಗುವುದು. ಹೊಸದಾಗಿ ನೀರನ್ನು ಕಟ್ಟಬೇಕಾದುದಿಲ್ಲ. ಬೇರೆ ಭೂಮಿಯನ್ನು ಬಿಡಬೇಕಾದುದೂ ಇಲ್ಲ. ಇರುವ ನೀರಿನಿಂದಲೇ ಎರಡನೆಯ ಬೆಳೆಯೊಂದು ದೊರೆಯುತ್ತದೆ.

ಆದರೆ ಬೇಸಗೆಯಲ್ಲಿ ನೀರಿಳಿದು ಬಲೆ ಎಳೆಯುವ ದಿನ ಅನೇಕರಿಗೆ ಕಾಣುವ ನೋಟವು ಸಂತೋಷಕರವಾಗಿರುವುದಿಲ್ಲ. ಒಂದೇ ದಿನ, ಒಂದೇ ಕಡೆಯಿಂದ ತಂದು ಬಿಟ್ಟ, ಒಂದೇ ಅಳತೆಯ ಮರಿಗಳಲ್ಲಿ ಕೆಲವು ಮುಕ್ಕಾಲು ಕಿಲೋ, ಒಂದು ಕಿಲೋ ತೂಗಿದರೆ, ಮಿಕ್ಕವು ನೂರೈವತ್ತು ಗ್ರಾಮಿನಲ್ಲಿಯೇ ನಿಂತಿರುವುದುಂಟು. ಹಾಕಿದ ಹಿಂಡಿ ತೌಡು ಒಂದೇ, ಬೆಳೆದ ನೀರು ಒಂದೇ. ಬೆಳವಣಿಗೆ ಮಾತ್ರ ಬೇರೆ ಬೇರೆ. ಆಗ ಬೆಳೆಗಾರನ ಬಾಯಿಂದ ಬರುವ ಮೊದಲನೆಯ ಮಾತು “ಮರಿ ಕೆಟ್ಟದ್ದು” ಎಂಬುದು. ಮಾರನೆಯ ವರ್ಷ ಅವನು ಮಾಡುವ ಮೊದಲನೆಯ ಕೆಲಸವು ಅಂಗಡಿಯಲ್ಲಿ ಮಾರುವ ಬೆಳವಣಿಗೆಯ ಪುಡಿಯೊಂದನ್ನು ತಂದು ಆಹಾರಕ್ಕೆ ಕಲಸುವುದು. ಇವೆರಡೂ ಮೀನನ್ನು ನೋಡದೆ ಕೊಟ್ಟ ತೀರ್ಪುಗಳು. ಮರಿಯಲ್ಲಿ ದೋಷವಿರಬಹುದು, ಇಲ್ಲದೆಯೂ ಇರಬಹುದು. ಪುಡಿಯಿಂದ ಗುಣವಾಗಬಹುದು, ಹಣವೆಲ್ಲ ನೀರಿಗೆ ಹೋಗಲೂಬಹುದು. ಯಾವುದು ನಿಜವೆಂಬುದನ್ನು ಹೇಳಬಲ್ಲ ಸಾಕ್ಷಿಯು ಮೀನಿನ ಹೊಟ್ಟೆಯೊಳಗಿರುವಾಗ ಅದನ್ನು ವಿಚಾರಿಸದೆ ಬಿಡುವುದು ವಿವೇಕವಲ್ಲ.

ಇದೇ ಬೆಳೆಗಾರನು ಕಾಫಿ ಗಿಡದ ವಿಷಯದಲ್ಲಿ ಹೀಗೆ ನಡೆದುಕೊಳ್ಳುವುದಿಲ್ಲ. ಅರೇಬಿಕಾ ಗಿಡವೊಂದು ಹಳದಿಯಾಗಿ ಸೊರಗಿದರೆ ಅವನು ಕೂಡಲೆ ಗೊಬ್ಬರವನ್ನು ಸುರಿಯುವುದಿಲ್ಲ. ಕಾಂಡವನ್ನು ಮುಟ್ಟಿ, ತೊಗಟೆಯ ಮೇಲೆ ಉಬ್ಬಿದ ಗೆರೆಗಳಿವೆಯೇ ಎಂದು ನೋಡುತ್ತಾನೆ. ಬಿಳಿ ಕಾಂಡಕೊರಕದ ಗುರುತು ಕಂಡರೆ ಗಿಡವನ್ನು ಕಿತ್ತು ಸುಡುತ್ತಾನೆ. ಕಾಣದಿದ್ದರೆ ಹಸಿವೆಂದು ತಿಳಿದು ಗೊಬ್ಬರ ಕೊಡುತ್ತಾನೆ. ಸೊರಗಿದ ಗಿಡಗಳಲ್ಲಿ ಎರಡು ಬಗೆಯುಂಟೆಂಬುದನ್ನು ಅವನು ಬಲ್ಲನು. ಕುಳ್ಳಾದ ಮೀನುಗಳಲ್ಲಿಯೂ ಹಾಗೆಯೇ ಎರಡು ಬಗೆಗಳಿವೆ. ಹಸಿವಿನಿಂದ ಕುಳ್ಳಾದ ಮೀನು ಒಂದು. ಕರುಳು ಕೆಟ್ಟು ಕುಳ್ಳಾದ ಮೀನು ಇನ್ನೊಂದು. ಹೊರಗಿನಿಂದ ಎರಡೂ ಒಂದೇ ರೀತಿ ಕಾಣುತ್ತವೆ. ಒಂದಕ್ಕೆ ಆಹಾರವೇ ಔಷಧಿ. ಇನ್ನೊಂದಕ್ಕೆ ಹಾಕಿದ ಆಹಾರವು ಹಾಕಿದಷ್ಟೂ ನಷ್ಟ. ಈ ಭೇದವನ್ನು ತಿಳಿಯುವುದೇ ಕೆರೆಯ ಮೀನು ಸಾಕಣೆಯಲ್ಲಿ ಮುಖ್ಯವಾದ ವಿಷಯ.

ಮೊದಲು ಗೆಂಡೆ ಮೀನಿನ ಕರುಳಿನ ರಚನೆಯನ್ನು ತಿಳಿಯತಕ್ಕದ್ದು. ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ಹುಲ್ಲುಗೆಂಡೆ, ಬೆಳ್ಳಿಗೆಂಡೆ ಇವು ಯಾವುದಕ್ಕೂ ಜಠರವೆಂಬ ಚೀಲವಿಲ್ಲ. ಮನುಷ್ಯನ ಜಠರದಲ್ಲಿರುವಂತೆ ಆಹಾರವನ್ನು ಕರಗಿಸುವ ಆಮ್ಲವೂ ಇವುಗಳಲ್ಲಿ ಉತ್ಪತ್ತಿಯಾಗುವುದಿಲ್ಲ. ಗಂಟಲಿನ ಹಲ್ಲುಗಳಿಂದ ಅರೆದ ಆಹಾರವು ನೇರವಾಗಿ ಕರುಳಿಗೆ ಇಳಿದು, ಅಲ್ಲಿಯೇ ಪಚನವಾಗಿ ಅಲ್ಲಿಯೇ ರಕ್ತಕ್ಕೆ ಸೇರಬೇಕು. ಒಂದೇ ಸಲಕ್ಕೆ ಹೆಚ್ಚಾಗಿ ತಿಂದು ಕೂಡಿಟ್ಟುಕೊಳ್ಳುವ ಶಕ್ತಿ ಈ ಮೀನುಗಳಿಗೆ ಕಡಮೆ. ಸ್ವಲ್ಪ ಸ್ವಲ್ಪವಾಗಿ ದಿನವೆಲ್ಲ ತಿನ್ನುವುದೇ ಇವುಗಳ ಸ್ವಭಾವ. ಆದಕಾರಣ ದಿನದ ಆಹಾರವನ್ನೆಲ್ಲ ಬೆಳಗ್ಗೆ ಒಂದೇ ಮೂಲೆಗೆ ಸುರಿದುಹೋಗುವ ಪದ್ಧತಿಯು ಮೀನಿನ ದೇಹರಚನೆಗೇ ವಿರುದ್ಧವಾದುದು.

ಕರುಳಿನ ಉದ್ದವೂ ಜಾತಿಯಿಂದ ಜಾತಿಗೆ ಬೇರೆಯಾಗಿರುತ್ತದೆ. ಸಾಮಾನ್ಯ ಗೆಂಡೆಯ ಕರುಳು ಅದರ ದೇಹದ ಉದ್ದದ ಎರಡರಿಂದ ಮೂರರಷ್ಟು. ಸಸ್ಯವನ್ನೂ ಕೊಳೆತ ಪದಾರ್ಥವನ್ನೂ ತಿನ್ನುವ ರೋಹು ಮೃಗಾಲ್‌ಗಳ ಕರುಳು ಅದಕ್ಕಿಂತ ಅನೇಕ ಪಟ್ಟು ಉದ್ದವಾಗಿ ಸುರುಳಿ ಸುತ್ತಿಕೊಂಡಿರುತ್ತದೆ. ಕಾಟ್ಲಾ ಮೇಲ್ಪದರದ ನೀರಿನಲ್ಲಿ ತೇಲುವ ಸೂಕ್ಷ್ಮ ಜಂತುಗಳನ್ನು ಸೋಸಿ ತಿನ್ನುವುದು. ಮೃಗಾಲ್ ತಳದ ಕೆಸರಿನಲ್ಲಿ ಮೇಯುವುದು. ಯಾವ ಮೀನಿಗೆ ಯಾವ ಆಹಾರವೆಂಬ ವಿಚಾರವು ಕನ್ನಡ ನಾಡಿಗೆ ಹೊಸತಲ್ಲ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮೀನಿನ ಜಾತಿಗಳನ್ನೂ ಅವುಗಳಿಗೆ ಉಣಿಸತಕ್ಕ ಆಹಾರಗಳನ್ನೂ ಹೇಳಿದೆ. ಇಂದಿನ ತೋಟದ ಕೆರೆಯಲ್ಲಿ ಐದಾರು ಜಾತಿಗಳನ್ನು ಒಟ್ಟಿಗೆ ಬಿಟ್ಟು ಎಲ್ಲಕ್ಕೂ ಒಂದೇ ತೌಡನ್ನು ಒಂದೇ ಜಾಗದಲ್ಲಿ ಹಾಕಿ, ಎಲ್ಲವೂ ಸಮನಾಗಿ ಬೆಳೆಯಬೇಕೆಂದು ಅಪೇಕ್ಷಿಸುವುದು ನ್ಯಾಯವಲ್ಲ. ಜಾತಿ ಜಾತಿಗಳೊಳಗಿನ ತಾರತಮ್ಯವು ರೋಗವಲ್ಲ. ಒಂದೇ ಜಾತಿಯೊಳಗೆ ಕಾಣುವ ತಾರತಮ್ಯವನ್ನು ಮಾತ್ರ ಇಲ್ಲಿ ವಿಚಾರಿಸತಕ್ಕದ್ದು.

ಹಸಿವಿನಿಂದಾಗುವ ಕುಳ್ಳುತನವು ಎಲ್ಲಕ್ಕಿಂತ ಸಾಮಾನ್ಯವಾದುದು. ಬಿಡುವಾಗ ಮರಿಗಳ ಗಾತ್ರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಸಾಕು. ಕೊಂಚ ದೊಡ್ಡದಾದ ಮರಿಯು ಆಹಾರದ ಬಳಿಗೆ ಮೊದಲು ನುಗ್ಗಿ ಹೆಚ್ಚಾಗಿ ತಿಂದು ಇನ್ನೂ ದೊಡ್ಡದಾಗುತ್ತದೆ, ಸಣ್ಣದು ಅಂಚಿಗೆ ಸರಿದು ಮಿಕ್ಕದ್ದನ್ನು ತಿನ್ನುತ್ತದೆ. ಬಡ್ಡಿಗೆ ಬಡ್ಡಿ ಬೆಳೆದಂತೆ ಈ ಅಂತರವು ತಿಂಗಳು ತಿಂಗಳಿಗೂ ಹೆಚ್ಚುವುದು. ಹತ್ತು ಗುಂಟೆ ವಿಸ್ತಾರದ ಕೆರೆಯಲ್ಲಿ ಐನೂರು ಮೀನುಗಳಿವೆಯೆಂದೂ, ಬಲೆಗೆ ಬಂದವುಗಳ ಸರಾಸರಿ ತೂಕ ೧೦೦ ಗ್ರಾಂ ಎಂದೂ ಇಟ್ಟುಕೊಳ್ಳೋಣ. ಒಟ್ಟು ತೂಕ ೫೦ ಕಿಲೋ. ನೂರಕ್ಕೆ ಮೂರರಂತೆ ದಿನಕ್ಕೆ ಒಂದೂವರೆ ಕಿಲೋ ಆಹಾರವೆಂದು ಲೆಕ್ಕ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಅರ್ಧದಷ್ಟು ಮೀನುಗಳು ೧೬೦ ಗ್ರಾಮಿನವೂ ಉಳಿದರ್ಧ ೪೦ ಗ್ರಾಮಿನವೂ ಆಗಿದ್ದರೆ ಸರಾಸರಿಯು ಅದೇ ೧೦೦ ಗ್ರಾಂ. ಕೆರೆಯಲ್ಲಿ ಮಾತ್ರ ೧೦೦ ಗ್ರಾಮಿನ ಮೀನು ಒಂದೂ ಇರುವುದಿಲ್ಲ. ಹೀಗೆ ಸರಾಸರಿಯೆಂಬುದು ಬೆಳೆಗಾರನಿಗೆ ಧೈರ್ಯ ಹೇಳುತ್ತಿರುವಾಗಲೇ ಅರ್ಧ ಕೆರೆ ಹಸಿದಿರಬಹುದು.

ಈ ಬಗೆಯ ಮೀನಿನ ವಿಷಯದಲ್ಲಿ ನಿರಾಶೆಗೆ ಕಾರಣವಿಲ್ಲ. ಹಸಿದು ಹಿಂದೆಬಿದ್ದ ಗೆಂಡೆಗೆ ಸ್ಥಳವೂ ಆಹಾರವೂ ದೊರೆತ ಕೂಡಲೆ ಅದು ಇತರ ಮೀನುಗಳಿಗಿಂತ ವೇಗವಾಗಿ ಬೆಳೆದು ಹಿಂದಿನ ಕೊರತೆಯ ಬಹುಭಾಗವನ್ನು ತುಂಬಿಕೊಳ್ಳುತ್ತದೆ. ಆಂಧ್ರದ ಮೀನು ಸಾಕಣೆಗಾರರು ಈ ಗುಣವನ್ನೇ ಬಂಡವಾಳ ಮಾಡಿಕೊಂಡು, ಮರಿಗಳನ್ನು ಸುಮಾರು ಒಂದು ವರ್ಷ ಇಕ್ಕಟ್ಟಿನಲ್ಲಿ ಕಡಮೆ ಆಹಾರದಿಂದ ತಡೆದಿಟ್ಟು, ಬಳಿಕ ದೊಡ್ಡ ಕೆರೆಗೆ ಬಿಡುತ್ತಾರೆ. ಏಳೆಂಟು ತಿಂಗಳು ಮಾತ್ರ ನೀರಿರುವ ಮಲೆನಾಡಿನ ಕೆರೆಗೆ ಇಂತಹ ಬಲಿತ ಮರಿಯು ಬಹಳ ಅನುಕೂಲವಾದುದು. ಆಹಾರವನ್ನು ಕೆರೆಯ ನಾಲ್ಕೈದು ಕಡೆಗಳಲ್ಲಿ, ಸಣ್ಣ ತೂತುಗಳನ್ನು ಮಾಡಿದ ಚೀಲಗಳಲ್ಲಿ ತುಂಬಿ ಗೂಟಕ್ಕೆ ಕಟ್ಟಿ ತೂಗುಬಿಟ್ಟರೆ, ಸಣ್ಣವುಗಳಿಗೂ ಪಾಲು ಸಿಕ್ಕುವುದು. ಎಷ್ಟು ಉಳಿಯಿತೆಂಬುದೂ ಕಣ್ಣಿಗೆ ಕಾಣುವುದು. ಇದಕ್ಕೆ ಯಾವ ಪುಡಿಯೂ ಬೇಕಿಲ್ಲ.

ಎರಡನೆಯ ಬಗೆಯ ಕುಳ್ಳುತನವು ಹೀಗೆ ಸುಲಭವಾಗಿ ವಾಸಿಯಾಗತಕ್ಕದ್ದಲ್ಲ. ಕರುಳೂ ಅದಕ್ಕೆ ಸಹಾಯಕವಾದ ಪಿತ್ತಕೋಶವೂ ಕೆಟ್ಟ ಮೇಲೆ, ತಿಂದದ್ದು ಮೈಗೆ ಹತ್ತುವುದಿಲ್ಲ. ಈ ಸೀಮೆಯಲ್ಲಿ ಇದಕ್ಕೆ ಮೊದಲನೆಯ ಕಾರಣವು ಬೂಷ್ಟು. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆಯೂ ಮಂಜೂ ಬಿಡದೆ ಹಿಡಿದಿರುವ ಮನೆಗಳಲ್ಲಿ, ನೆಲದ ಮೇಲೆ ಚೀಲಗಟ್ಟಲೆ ಒಟ್ಟಿದ ಕಡಲೆಕಾಯಿ ಹಿಂಡಿಯು ಒಳಗಿಂದೊಳಗೇ ಬೂಷ್ಟು ಹಿಡಿಯುವುದು. ಆ ಬೂಷ್ಟಿನಲ್ಲಿ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷವು ಮೀನಿನ ಪಿತ್ತಕೋಶವನ್ನು ಹಾಳುಮಾಡುತ್ತದೆ. ೧೯೬೦ರ ಸುಮಾರಿನಲ್ಲಿ ಅಮೆರಿಕಾ ದೇಶದ ಟ್ರೌಟ್ ಮೀನಿನ ಸಾಕಣೆ ಕೇಂದ್ರಗಳಲ್ಲಿ ಅಸಂಖ್ಯ ಮೀನುಗಳ ಪಿತ್ತಕೋಶದಲ್ಲಿ ಗೆಡ್ಡೆಗಳೆದ್ದುವು. ಕಾರಣವನ್ನು ಶೋಧಿಸಿದಾಗ ಆಹಾರದಲ್ಲಿ ಬೆರೆಸಿದ ಹತ್ತಿಬೀಜದ ಹಿಂಡಿಯ ಬೂಷ್ಟೇ ಅದೆಂದು ಗೊತ್ತಾಯಿತು. ಗೆಂಡೆಯು ಟ್ರೌಟಿನಷ್ಟು ಸೂಕ್ಷ್ಮವಲ್ಲದಿದ್ದರೂ ಈ ವಿಷದಿಂದ ಪಾರಾದುದೇನೂ ಅಲ್ಲ. ತೌಡಿನ ಕಥೆಯೂ ಇದರಂತೆಯೇ. ಗಿರಣಿಯಿಂದ ಬಂದ ತೌಡಿನಲ್ಲಿರುವ ಎಣ್ಣೆಯು ಬೇಗನೆ ಕಮಟಾಗುತ್ತದೆ. ಕಮಟು ತೌಡು ಕರುಳನ್ನು ಕೆರಳಿಸುವುದು. ಎಣ್ಣೆ ತೆಗೆದ ತೌಡನ್ನು ತರುವುದು, ಅಟ್ಟಣೆಯ ಮೇಲೆ ಗಾಳಿಯಾಡುವಂತೆ ಇಡುವುದು, ಹದಿನೈದು ದಿನಕ್ಕೆ ಬೇಕಾದಷ್ಟನ್ನು ಮಾತ್ರ ಕೊಳ್ಳುವುದು, ಇವೇ ಉಪಾಯಗಳು. ದನಕ್ಕೆ ಹಾಕಲು ಯೋಗ್ಯವಲ್ಲವೆಂದು ಬದಿಗಿಟ್ಟ ಹಿಂಡಿಯನ್ನು ಕೆರೆಗೆ ಎಸೆಯುವ ಅಭ್ಯಾಸವು ಖಂಡಿತವಾಗಿಯೂ ನಿಲ್ಲತಕ್ಕದ್ದು. ದನವು ಮೂಸಿ ಬಿಡುವುದು. ಹಸಿದ ಮೀನು ಬಿಡುವುದಿಲ್ಲ.

ಕಾಫಿ ಹಣ್ಣಿನ ಸಿಪ್ಪೆಯ ವಿಷಯದಲ್ಲಿಯೂ ಎಚ್ಚರಿಕೆ ಬೇಕು. ಪಲ್ಪರಿನಿಂದ ರಾಶಿ ರಾಶಿಯಾಗಿ ಬೀಳುವ ಸಿಪ್ಪೆಯನ್ನು ಮೀನಿಗೆ ಆಹಾರ ಮಾಡಬಾರದೇಕೆ ಎಂದು ಕೇಳುವವರುಂಟು. ಕಾಫಿ ಬೆಳೆಯುವ ಅಮೆರಿಕಾ ಖಂಡದ ದೇಶಗಳಲ್ಲಿ ಇದನ್ನು ತಿಲಾಪಿಯಾ ಮೀನುಗಳ ಮೇಲೆ ಪರೀಕ್ಷಿಸಿದ್ದಾರೆ. ಸಿಪ್ಪೆಯ ಪ್ರಮಾಣವು ಹೆಚ್ಚಿದಂತೆ ಬೆಳವಣಿಗೆಯು ಕುಗ್ಗಿತು. ಸಿಪ್ಪೆಯಲ್ಲಿರುವ ಕೆಫೀನೂ ಒಗರು ಪದಾರ್ಥಗಳೂ ನಾರೂ ಪಚನಕ್ಕೆ ಅಡ್ಡಿಯಾಗುತ್ತವೆ. ಸಿಪ್ಪೆಗೆ ಯೋಗ್ಯವಾದ ಸ್ಥಳವು ಗೊಬ್ಬರದ ಗುಂಡಿಯೇ ಹೊರತು ಮೀನಿನ ಕರುಳಲ್ಲ. ಪಲ್ಪರಿನ ನೀರಂತೂ ಹುಳಿಯಾದುದು. ಕೆರೆಗೆ ಬಿದ್ದರೆ ಕೊಳೆಯುತ್ತ ನೀರಿನ ಪ್ರಾಣವಾಯುವನ್ನೆಲ್ಲ ಹೀರಿಕೊಳ್ಳುವುದು. ಪ್ರಾಣವಾಯು ಇಳಿದ ನೀರಿನಲ್ಲಿ ಮೀನು ತಿನ್ನುವುದನ್ನೇ ಬಿಡುತ್ತದೆ. ತಿಂದದ್ದೂ ಸರಿಯಾಗಿ ಪಚನವಾಗುವುದಿಲ್ಲ.

ಕಣ್ಣಿಗೆ ಕಾಣುವ ಇನ್ನೊಂದು ಶತ್ರು ಲಾಡಿಹುಳು. ಏಷ್ಯದ ಲಾಡಿಹುಳುವೆಂದು ಹೆಸರಾದ ಜಾತಿಯೊಂದು ಹುಲ್ಲುಗೆಂಡೆಯ ಮರಿಗಳೊಡನೆ ಪೂರ್ವ ಏಷ್ಯದಿಂದ ಹೊರಟು ಲೋಕದ ಅನೇಕ ದೇಶಗಳಿಗೆ ಹಬ್ಬಿದೆ. ಸೈಕ್ಲಾಪ್ಸ್ ಜಾತಿಯ ಸಣ್ಣ ನೀರುಜಂತುಗಳು ಈ ಹುಳುವಿನ ಮರಿಯನ್ನು ಹೊತ್ತಿರುತ್ತವೆ. ಹಿಂದೆ ಮನುಷ್ಯರಿಗೆ ನಾರುಹುಣ್ಣನ್ನು ತರುತ್ತಿದ್ದುದೂ ಇದೇ ವರ್ಗದ ಜಂತುವೇ. ಎಳೆಯ ಗೆಂಡೆಗಳು ಇವನ್ನು ತಿಂದಾಗ ಹುಳು ಕರುಳಿನ ಮುಂಭಾಗದಲ್ಲಿ ಕಚ್ಚಿಕೊಂಡು ಬೆಳೆದು ದಾರಿಯನ್ನೇ ಮುಚ್ಚಿಬಿಡುವುದು. ಮೀನು ತಿನ್ನುತ್ತಲೇ ಇರುತ್ತದೆ, ಬೆಳೆಯುವುದು ಹುಳು. ಇಂತಹ ಕೆರೆಗೆ ಅತ್ಯುತ್ತಮ ಚಿಕಿತ್ಸೆಯು ಬಿಸಿಲು ಮತ್ತು ಸುಣ್ಣ. ಕಾಫಿಗೆ ನೀರು ಹೊಡೆದು ಕೆರೆಯ ತಳ ಕಾಣುವ ಮಾರ್ಚಿ ಏಪ್ರಿಲ್ ತಿಂಗಳೇ ಇದಕ್ಕೆ ಸುಸಮಯ. ಮೀನನ್ನೆಲ್ಲ ಹಿಡಿದು, ಸಾಧ್ಯವಿದ್ದಷ್ಟೂ ನೀರನ್ನು ತೂಬಿನಿಂದ ಬಿಟ್ಟು, ತಳವನ್ನು ಬಿರುಕು ಬಿಡುವವರೆಗೆ ಒಣಗಿಸಿ ಸುಣ್ಣ ಹರಡಿದರೆ, ಹುಳುವಿಗೆ ವಾಹನವಾದ ಜಂತುಗಳು ನಾಶವಾಗಿ ಮುಂದಿನ ವರ್ಷದ ಮರಿಗಳು ಬದುಕಿಕೊಳ್ಳುವುವು.

ಸುಣ್ಣದ ಉಪಯೋಗವು ಇಷ್ಟಕ್ಕೇ ಮುಗಿಯುವುದಿಲ್ಲ. ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನ ಮೇಲೆ ಹರಿದು ಬಂದ ಮಳೆಯ ನೀರಿನಲ್ಲಿ ಸುಣ್ಣದ ಅಂಶವು ಬಹಳ ಕಡಮೆ, ಮಣ್ಣೋ ಹುಳಿಯಾದುದು. ಇಂತಹ ಮೃದುವಾದ ನೀರಿನಲ್ಲಿ ಮೀನಿನ ಆಹಾರವಾದ ಸೂಕ್ಷ್ಮ ಜಂತುಗಳೂ ಪಾಚಿಗಳೂ ಸಮೃದ್ಧಿಯಾಗಿ ಹುಟ್ಟುವುದಿಲ್ಲ. ಅಲ್ಲದೆ ತಾಮ್ರದ ವಿಷವು ಗಡಸು ನೀರಿಗಿಂತ ಮೃದುವಾದ ನೀರಿನಲ್ಲಿಯೇ ಮೀನನ್ನು ಹೆಚ್ಚಾಗಿ ಬಾಧಿಸುವುದು. ಕಾಫಿಗೂ ಮೆಣಸಿಗೂ ಬೋರ್ಡೋ ದ್ರಾವಣವನ್ನು ಹೊಡೆಯುವ ಕಾಲದಲ್ಲಿ ಪಂಪು ಪೀಪಾಯಿಗಳನ್ನು ಕೆರೆಯ ದಡದಲ್ಲಿ ತೊಳೆಯುವುದರಿಂದ ಎಷ್ಟು ಕೇಡಾಗುವುದೆಂಬುದನ್ನು ಇದರಿಂದ ಊಹಿಸಬಹುದು. ಮೀನು ಸಾಯದಿದ್ದರೂ ಮೇವು ಬಿಡುವುದು. ಮೇವು ಬಿಟ್ಟ ಮೀನು ಬೆಳೆಯದು. ಹತ್ತು ಗುಂಟೆಯ ಕೆರೆಗೆ, ಮಣ್ಣಿನ ಹುಳಿತನವನ್ನು ನೋಡಿಕೊಂಡು, ಇಪ್ಪತ್ತರಿಂದ ಐವತ್ತು ಕಿಲೋ ಸುಣ್ಣವನ್ನು ಮರಿ ಬಿಡುವುದಕ್ಕೆ ಮುಂಚೆಯೇ ಹಾಕುವುದು ಒಳ್ಳೆಯದು. ಮೀನಿರುವ ನೀರಿಗೆ ಸುಟ್ಟ ಸುಣ್ಣವನ್ನು ಒಮ್ಮೆಗೇ ಸುರಿಯಬಾರದು.

ಚಳಿಯನ್ನೂ ಮರೆಯಲಾಗದು. ಗೆಂಡೆ ಮೀನಿಗೆ ೨೫ರಿಂದ ೩೦ ಡಿಗ್ರಿ ಶಾಖದ ನೀರು ಹಿತ. ಡಿಸೆಂಬರ್ ಜನವರಿ ತಿಂಗಳುಗಳಲ್ಲಿ ಬೆಟ್ಟದ ಮೇಲಣ ಕೆರೆಗಳ ನೀರು ತಣ್ಣಗಾದಂತೆ ಕರುಳಿನ ಕೆಲಸವೂ ನಿಧಾನವಾಗುತ್ತದೆ. ಆಗ ಹಿಂದಿನ ಅಳತೆಯಲ್ಲಿಯೇ ಹಿಂಡಿಯನ್ನು ಹಾಕಿದರೆ ಮಿಕ್ಕದ್ದು ಕೊಳೆತು ನೀರು ಕೆಡುವುದು. ಬಿಸಿಲೇರಿದ ಮೇಲೆ, ಕಡಮೆ ಮಾಡಿ ಹಾಕತಕ್ಕದ್ದು.

ಇವೆಲ್ಲದರ ನಡುವೆ ನೋಡುವವನನ್ನು ಮೋಸಗೊಳಿಸುವ ಮೂರನೆಯ ಕಾರಣವೊಂದಿದೆ. ಅದು ಹಸಿವೂ ಅಲ್ಲ, ಕರುಳಿನ ಕೇಡೂ ಅಲ್ಲ. ಸಾಮಾನ್ಯ ಗೆಂಡೆಯ ಒಂದು ತಳಿಯನ್ನು ೧೯೩೯ರಲ್ಲಿ ಸಿಂಹಳದಿಂದ ನೀಲಗಿರಿಗೂ, ಇನ್ನೊಂದು ತಳಿಯನ್ನು ೧೯೫೭ರಲ್ಲಿ ಬ್ಯಾಂಕಾಕಿನಿಂದ ಕಟಕಕ್ಕೂ ತಂದರು. ಈ ಮೀನು ಕರ್ನಾಟಕದ ಬೆಚ್ಚನೆಯ ಕೆರೆಗಳಲ್ಲಿ ಆರು ತಿಂಗಳೂ ತುಂಬುವ ಮೊದಲೇ, ನೂರು ಗ್ರಾಮಿನಷ್ಟಿರುವಾಗಲೇ ಮೊಟ್ಟೆಗಟ್ಟುವುದುಂಟು. ತಿಂದ ಆಹಾರವು ಮಾಂಸವಾಗದೆ ಮೊಟ್ಟೆಯಾಗುತ್ತದೆ. ಕೆರೆಯಲ್ಲಿಯೇ ಮರಿಗಳಾಗಿ, ಬಿಟ್ಟದ್ದಕ್ಕಿಂತ ಹೆಚ್ಚು ಬಾಯಿಗಳು ಆಹಾರಕ್ಕೆ ಬರುತ್ತವೆ. ಈ ದೋಷವನ್ನು ನೀಗುವುದಕ್ಕಾಗಿಯೇ ಬೆಂಗಳೂರಿನ ಬಳಿಯ ಹೆಸರಘಟ್ಟದ ಮೀನುಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಹಂಗೇರಿ ದೇಶದ ಅಮೂರ್ ಗೆಂಡೆಯನ್ನು ತರಿಸಿ ಪರೀಕ್ಷಿಸಿದರು. ಅದು ತಡವಾಗಿ ಬಲಿಯುವುದಲ್ಲದೆ ನಾಡಿನ ಹಳೆಯ ತಳಿಗಿಂತ ಸುಮಾರು ಕಾಲುಭಾಗದಷ್ಟು ಹೆಚ್ಚಾಗಿ ಬೆಳೆಯುವುದೆಂದು ಕಂಡುಬಂದಿತು. ಹೀಗಿರುವಲ್ಲಿ “ಮರಿ ಕೆಟ್ಟದ್ದು” ಎಂಬ ದೂರಿನಲ್ಲಿ ಸತ್ಯಾಂಶವಿಲ್ಲವೆಂದು ಹೇಳಲಾಗದು. ಆದರೆ ಆ ಸತ್ಯವೂ ಹೊಟ್ಟೆಯನ್ನು ಸೀಳಿ ಮೊಟ್ಟೆಯ ಗೆಜ್ಜೆಯನ್ನು ಕಂಡ ಮೇಲೆಯೇ ನಿರ್ಧಾರವಾಗತಕ್ಕದ್ದು.

ಇನ್ನು ಪುಡಿಗಳ ವಿಚಾರ. ಕರುಳಿನಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಮೀನಿನ ಬೆಳವಣಿಗೆಗೆ ಸಹಾಯಕವೆಂಬುದು ಸುಳ್ಳಲ್ಲ. ಗೆಂಡೆಯ ಬಳಗಕ್ಕೇ ಸೇರಿದ, ಭಾರತದ ತೊರೆಗಳಲ್ಲಿ ವಾಸಿಸುವ ಜೀಬ್ರಾ ಮೀನನ್ನು ಪ್ರಯೋಗಶಾಲೆಯಲ್ಲಿ ಯಾವ ಸೂಕ್ಷ್ಮಜೀವಿಯೂ ಸೋಂಕದಂತೆ ಬೆಳೆಸಿ ನೋಡಿದ್ದಾರೆ. ಅಂತಹ ಮೀನಿನ ಕರುಳು ಸರಿಯಾಗಿ ಬಲಿಯಲಿಲ್ಲ. ಸೂಕ್ಷ್ಮಜೀವಿಗಳನ್ನು ಸೇರಿಸಿದ ಮೇಲೆ ಸರಿಹೋಯಿತು. ಒಂದೇ ತೊಟ್ಟಿಯ ದೊಡ್ಡ ಮೀನಿಗೂ ಸಣ್ಣ ಮೀನಿಗೂ ಕರುಳಿನ ಸೂಕ್ಷ್ಮಜೀವಿಗಳು ಬೇರೆ ಬೇರೆಯಾಗಿರುವುದನ್ನೂ ಶಾಸ್ತ್ರಜ್ಞರು ಕಂಡಿದ್ದಾರೆ. ಆದರೆ ಸೂಕ್ಷ್ಮಜೀವಿಗಳ ವ್ಯತ್ಯಾಸದಿಂದ ಮೀನು ಸಣ್ಣದಾಯಿತೋ, ಮೀನು ಬೇರೆ ಆಹಾರವನ್ನು ತಿಂದು ಸಣ್ಣದಾದುದರಿಂದ ಸೂಕ್ಷ್ಮಜೀವಿಗಳು ಬೇರೆಯಾದುವೋ ಎಂಬುದು ಎಲ್ಲ ಸಂದರ್ಭಗಳಲ್ಲಿಯೂ ಇತ್ಯರ್ಥವಾಗಿಲ್ಲ. ಕರುಳಿಗೆ ಈ ಜೀವಿಗಳು ಬರುವುದು ನೀರಿನಿಂದ ಮತ್ತು ಆಹಾರದಿಂದ. ನೀರೂ ಆಹಾರವೂ ಕೆಟ್ಟಿರುವಾಗ ಪುಡಿಯಲ್ಲಿ ತಂದು ಬಿಟ್ಟ ಒಳ್ಳೆಯ ಜೀವಿಗಳು ನೆಲೆ ನಿಲ್ಲುವುದೆಲ್ಲಿ? ಸುಣ್ಣವಿಲ್ಲದ ಹುಳಿ ಗದ್ದೆಗೆ ಒಳ್ಳೆಯ ಬೀಜವನ್ನು ಎರಚಿದಂತೆಯೇ ಅದು. ನೀರು, ಆಹಾರ, ಮರಿ ಇವು ಮೂರೂ ಸರಿಯಾದ ಮೇಲೆ ಬೇಕಾದವರು ಪುಡಿಯನ್ನು ಪರೀಕ್ಷಿಸಲಿ. ಅದಕ್ಕೆ ಮುಂಚೆ ಬೇಡ. ರೋಗನಾಶಕ ಔಷಧಿಗಳನ್ನು ಬೆಳವಣಿಗೆಗೆಂದು ಆಹಾರದಲ್ಲಿ ಬೆರೆಸುವುದಂತೂ ಸರ್ವಥಾ ಕೂಡದು. ಅದು ಕರುಳಿನ ಒಳ್ಳೆಯ ಜೀವಿಗಳನ್ನೂ ಕೊಂದು, ಕೆಟ್ಟವುಗಳಿಗೆ ಔಷಧಿಯನ್ನು ತಡೆದುಕೊಳ್ಳುವ ಶಕ್ತಿಯನ್ನು ಕಲಿಸುವುದು.

ಮೀನುಗಳಲ್ಲಿ ಸ್ವಲ್ಪ ತಾರತಮ್ಯವು ಹುಟ್ಟಿನಿಂದಲೇ ಇರುವುದು ಸಹಜವೆಂತಲೂ, ಕೆರೆಯೊಂದಕ್ಕಾಗಿ ಇಷ್ಟೆಲ್ಲ ವಿಚಾರಣೆ ಅನಾವಶ್ಯಕವೆಂತಲೂ ಹೇಳುವವರಿದ್ದಾರೆ. ಮೊದಲನೆಯ ಮಾತು ನಿಜ. ಒಂದೇ ತಾಯಿಯ ಮಕ್ಕಳೂ ಒಂದೇ ಎತ್ತರವಾಗುವುದಿಲ್ಲ. ಆದರೆ ಸ್ವಲ್ಪ ತಾರತಮ್ಯ ಬೇರೆ, ಆರರಲ್ಲೊಂದು ತೂಕದಲ್ಲಿ ನಿಂತುಬಿಡುವುದು ಬೇರೆ. ಎರಡನೆಯ ಮಾತಿಗೆ ಉತ್ತರವೇನೆಂದರೆ, ಆಹಾರ ಹಾಕಿ ಮೀನು ಸಾಕುವವನ ವೆಚ್ಚದಲ್ಲಿ ಬಹುಭಾಗವು ಆಹಾರದ್ದೇ. ದೊಡ್ಡ ಬೆಳೆಗಾರನಿಗೆ ಈ ನಷ್ಟವು ಲೆಕ್ಕಕ್ಕೆ ಬಾರದಿರಬಹುದು. ಎರಡು ಮೂರು ಎಕರೆಯ ತೋಟದವನು ಹಿಂಡಿಯ ಚೀಲಗಳಿಗೆ ಕೊಟ್ಟ ಹಣವು ಮಾರ್ಚಿಯಲ್ಲಿ ನೂರೈವತ್ತು ಗ್ರಾಮಿನ ಮೀನಾಗಿ ಹಿಂದಿರುಗಿದರೆ, ಅವನು ಇನ್ನೆಂದಿಗೂ ಕೆರೆಗೆ ಮರಿ ಬಿಡುವುದಿಲ್ಲ. ಹಾಗಾದಾಗ ಮಕ್ಕಳ ತಟ್ಟೆಯಿಂದ ಪುಷ್ಟಿಕರವಾದ ಆಹಾರವೊಂದು ಕಾಣೆಯಾಗುವುದು. ನಷ್ಟವು ಅಲ್ಲಿಯದು.

ನೋಡುವ ಕ್ರಮವು ಬಹು ಸುಲಭ. ಮರಿ ಬಿಟ್ಟ ಆರನೆಯ ವಾರದಲ್ಲಿ ಒಮ್ಮೆ, ಆಮೇಲೆ ತಿಂಗಳಿಗೊಮ್ಮೆ ಬಲೆ ಎಳೆದು, ಬಂದ ಮೀನುಗಳನ್ನು ಒಟ್ಟಾಗ ತೂಗದೆ ಬಿಡಿಬಿಡಿಯಾಗಿ ತೂಗಬೇಕು. ಅತಿ ದೊಡ್ಡವು ಐದು, ಅತಿ ಸಣ್ಣವು ಐದು, ಹೀಗೆ ಹತ್ತನ್ನು ಆರಿಸಿ ಹೊಟ್ಟೆಯನ್ನು ಸೀಳಿ ಎದುರುಬದುರಾಗಿ ಇಟ್ಟು ನೋಡತಕ್ಕದ್ದು. ಸಣ್ಣ ಮೀನಿನ ಕರುಳು ಬರಿದಾಗಿ, ಪಿತ್ತದ ಚೀಲವು ಹಸುರಾಗಿ ಊದಿಕೊಂಡಿದ್ದರೆ ಅದು ಹಸಿದ ಮೀನು; ಆಹಾರ ಹಾಕುವ ಜಾಗಗಳನ್ನು ಹೆಚ್ಚಿಸಬೇಕು, ದೊಡ್ಡವನ್ನು ಹಿಡಿದು ಬೇರೆ ಮಾಡಬೇಕು. ಕರುಳು ತುಂಬಿದ್ದೂ ಮೀನು ಬೆಳೆಯದಿದ್ದರೆ ದೋಷವು ಒಳಗಿನದೆಂದು ತಿಳಿಯಬೇಕು. ಬಿಳಿಯ ಲಾಡಿಯಂತಹ ಹುಳುಗಳು ಕಂಡರೆ ಅದೇ ಕಾರಣ. ಹುಳುವಿಲ್ಲದೆ ಕರುಳು ಕೆಂಪಾಗಿ ಲೋಳೆಯಿಂದ ತುಂಬಿದ್ದರೆ, ಅಥವಾ ಪಿತ್ತಕೋಶವು ಬಿಳಿಚಿಕೊಂಡು ಹಳದಿಯಾಗಿ ಎಣ್ಣೆಯಂತಿದ್ದರೆ, ಹಿಂಡಿ ತೌಡಿನ ಚೀಲವನ್ನು ಬಿಚ್ಚಿ ಮೂಸಿ ನೋಡಬೇಕು. ಮೊಟ್ಟೆಯೇ ಹೊಟ್ಟೆಯನ್ನೆಲ್ಲ ತುಂಬಿದ್ದರೆ ತಳಿಯನ್ನು ಬದಲಿಸಬೇಕು. ಐನೂರರಲ್ಲಿ ಹತ್ತು ಮೀನು ಹೋದರೆ ನೂರಕ್ಕೆ ಎರಡು; ಇಷ್ಟು ಅಗ್ಗವಾಗಿ ಇಷ್ಟು ಸಂಗತಿಗಳನ್ನು ತಿಳಿಸುವ ಪರೀಕ್ಷೆ ಬೇರೊಂದಿಲ್ಲ.

ಈ ಪರೀಕ್ಷೆಯನ್ನು ಬೇಸಗೆಯವರೆಗೆ ತಡೆಯದೆ ಮೊದಲ ತಿಂಗಳುಗಳಲ್ಲಿಯೇ ಮಾಡುವುದರಿಂದ ಇನ್ನೊಂದು ಪ್ರಯೋಜನವುಂಟು. ಕೆಟ್ಟ ಕರುಳೆಲ್ಲ ವಾಸಿಯಾಗದ್ದೆಂದು ತಿಳಿಯಬಾರದು. ಸೋಯಾ ಹಿಂಡಿಯನ್ನು ತಿಂದ ಸಾಲ್ಮನ್ ಮೀನಿನ ಕರುಳು ಉರಿಗೊಂಡು ಊದಿಕೊಳ್ಳುವುದೆಂದು ಪಶ್ಚಿಮ ದೇಶಗಳವರು ಕಂಡರು; ಅದೇ ಹಿಂಡಿಯಿಂದ ಸಾಮಾನ್ಯ ಗೆಂಡೆಯ ಕರುಳಿನಲ್ಲಿ ಆರಂಭವಾದ ಉರಿಯು ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುವುದೂ ಕಂಡುಬಂದಿತು. ಗೆಂಡೆಯ ಕರುಳು ಗಟ್ಟಿಮುಟ್ಟಾದುದು. ಸಕಾಲದಲ್ಲಿ ಕಾರಣವನ್ನು ತೆಗೆದರೆ ಸುಧಾರಿಸಿಕೊಳ್ಳುವುದು. ಅಕ್ಟೋಬರಿನಲ್ಲಿ ಕಂಡ ದೋಷಕ್ಕೆ ಐದು ತಿಂಗಳ ಅವಕಾಶವಿದೆ. ಮಾರ್ಚಿಯಲ್ಲಿ ಕಂಡ ದೋಷಕ್ಕೆ ದುಃಖವೊಂದೇ ಉಳಿಯುವುದು.

ಬೆಳೆಗಾರನ ಕರ್ತವ್ಯದೊಡನೆ ಮರಿ ಒದಗಿಸುವವರ ಕರ್ತವ್ಯವನ್ನೂ ಹೇಳಬೇಕು. ಮರಿಗಳನ್ನು ಎಣಿಕೆಯಿಂದ ಮಾತ್ರವೇ ಮಾರದೆ, ಗಾತ್ರವಾರು ವಿಂಗಡಿಸಿ, ತಳಿಯ ಹೆಸರನ್ನೂ ವಯಸ್ಸನ್ನೂ ಬರೆದುಕೊಡುವ ಪದ್ಧತಿಯು ಎಲ್ಲ ಕಡೆಯೂ ರೂಢಿಗೆ ಬರಬೇಕು. ಪ್ರತಿ ತಂಡದಲ್ಲಿಯೂ ಹತ್ತು ಮರಿಗಳನ್ನು ಸೀಳಿ ಲಾಡಿಹುಳುವಿಲ್ಲವೆಂದು ನೋಡಿದ ಮೇಲೆಯೇ ತಂಡವು ಹೊರಗೆ ಹೋಗುವಂತಾಗಬೇಕು. ಕಳಸದಂತಹ ದೂರದ ಕಡೆಗಳಿಗೆ ಎಳೆಮರಿಗಳ ಬದಲು ಬಲಿತ ಮರಿಗಳನ್ನು, ಅದೂ ಮಳೆಯ ಬಿರುಸು ಕಳೆದು ಕೋಡಿ ಇಳಿದ ಮೇಲೆ, ಒದಗಿಸುವುದು ಲೇಸು. ಮೂಡಿಗೆರೆಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಮಂಗಳೂರಿನಲ್ಲಿ ೧೯೬೯ರಿಂದ ಮೀನುಗಾರಿಕೆ ಕಾಲೇಜಿದೆ. ಬೆಳೆಗಾರನು ಸಣ್ಣ ಮೀನುಗಳನ್ನು ಬರ್ಫದಲ್ಲಿಟ್ಟು ತಂದಾಗ ಅವನ ಕಣ್ಣೆದುರಿಗೇ ಸೀಳಿ ತೋರಿಸುವ ಏರ್ಪಾಡು ಸಂತೆಯ ದಿನ ತಾಲ್ಲೂಕು ಕೇಂದ್ರಗಳಲ್ಲಿ ಆದರೆ, ನೂರು ಕರಪತ್ರಗಳಿಂದ ಆಗದ ಕೆಲಸವು ಆಗುವುದು. ಒಮ್ಮೆ ನೋಡಿದವನು ಮುಂದೆ ತಾನೇ ನೋಡಿಕೊಳ್ಳುವನು.

ಬಾಳೆಹೊನ್ನೂರಿನಲ್ಲಿ ೧೯೨೫ರಲ್ಲಿ ಕಾಫಿಯ ಪ್ರಯೋಗ ಕ್ಷೇತ್ರವು ಸ್ಥಾಪಿತವಾದಂದಿನಿಂದ ಈ ಸೀಮೆಯ ಬೆಳೆಗಾರರು ಎಲೆ, ಕಾಂಡ, ಬೇರುಗಳನ್ನು ಪರೀಕ್ಷಿಸಿ ನೋಡುವುದನ್ನು ಚೆನ್ನಾಗಿ ಕಲಿತಿದ್ದಾರೆ. ಗಿಡದ ಮಟ್ಟಿಗೆ ಬಂದಿರುವ ಆ ದೃಷ್ಟಿಯು ನೀರಿನೊಳಕ್ಕೂ ಇಳಿಯಬೇಕು. ಬೆಳೆಯದ ಮೀನು ಕಂಡಾಗ ದೂರುವುದಕ್ಕಾಗಲಿ ಕೊಳ್ಳುವುದಕ್ಕಾಗಲಿ ಮೊದಲು, ಒಂದು ಹರಿತವಾದ ಚಾಕುವನ್ನು ತೆಗೆದುಕೊಂಡು ಕೆರೆಯ ಏರಿಯ ಮೇಲೆ ಕುಳಿತುಕೊಳ್ಳುವುದು ಒಳ್ಳೆಯದು.